ನಿಮಗಿದು ಗೊತ್ತೇ? ಮಡ್ಡಿ ನೆಲದ ಮರೆಯ ಸಸ್ಯಗಳು

ಬೈಲಹೊಂಗಲ ಅಂದರೆ ಹತ್ತಿ, ಕಿತ್ತೂರು ಅಂದರೆ ಚೆನ್ನಮ್ಮ, ಸವದತ್ತಿ ಅಂದರೆ ಯಲ್ಲಮ್ಮ, ರಾಮದುರ್ಗ ಅಂದರೆ ಶಬರಿಕೊಳ್ಳ. ಬೆಳಗಾವಿ ಜಿಲ್ಲೆಯಲ್ಲಿ ಅಪರೂಪದ ಗಿಡ ಎಲ್ಲಿವೆ ಎಂದು ಕೇಳಿದರೆ ಮಾತ್ರ ಎಲ್ಲರೂ ಖಾನಾಪುರದ ದಟ್ಟ ಅಡವಿಯತ್ತ ಬೊಟ್ಟು ಮಾಡುತ್ತಾರೆ. ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳ ಕಲ್ಲುನೆಲದ ಮಡ್ಡಿ, ದನ ಮೇಯುವ ಗಾಯರಾಣ, ಕೊಳ್ಳ, ಬದುಗಳಲ್ಲಿ ‘ಏನೂ ಇಲ್ಲ’ ಎಂಬುದು ನಮ್ಮ ರೂಢಿಯ ಮಾತು. ಅಲ್ಲಿ ಏನೇನು ಇದೆ, ಅದು ಹೇಗೆ ಬಂತು, ಹೇಗೆ ಹೋಗುತ್ತಿದೆ? ಒಂದೊಂದಾಗಿ ನೋಡೋಣ.

ನೆಲದ ಲೆಕ್ಕ

● ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಅದೇ ನದಿ ಹರಿದು ಬರುವ ರಾಮದುರ್ಗದಲ್ಲಿ ಆರುನೂರು ಮಿಲಿಮೀಟರ್ ಬಿದ್ದರೆ ರೈತ ಕೈಮುಗಿಯುತ್ತಾನೆ. ಎರಡೂ ಊರುಗಳ ನಡುವಿನ ನೇರ ದೂರ ಸುಮಾರು 120 ಕಿಲೋಮೀಟರ್. ಇಷ್ಟು ಚಿಕ್ಕ ಅಂತರದಲ್ಲಿ ಮಳೆ ಇಷ್ಟು ಇಳಿದರೆ ಗಿಡಗಳ ಬದುಕಿನ ರೀತಿಯೂ ಊರೂರಿಗೆ ಬದಲಾಗುತ್ತದೆ. ಕಿತ್ತೂರಿನ ಪಡುವಣಕ್ಕೆ ಸಾಗುವಾನಿ, ಹೊನ್ನೆ. ರಾಮದುರ್ಗದ ಮೂಡಣಕ್ಕೆ ಮುಳ್ಳುಪೊದೆ, ಕಳ್ಳಿ, ಹುಲ್ಲು.

● ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡ ಸೀಳಿಕೊಂಡು ಹೋಗುತ್ತಾಳಲ್ಲ, ಆ ಕಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು. ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಆ ಮರಳು ಸಮುದ್ರದಂಚಿನಲ್ಲಿ ಕೂಡಿಬಿದ್ದಾಗ ನೆಲದ ಮೇಲೆ ಒಂದೂ ಗಿಡ ಇರಲಿಲ್ಲ. ಭೂಮಿಗೆ ಸಸ್ಯಗಳು ಏರಿಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ.

● ಇನ್ನೊಂದು ಕಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾ. ಅದರ ದಕ್ಷಿಣದ ಅಂಚು ಬೆಳಗಾವಿ ಸೀಮೆಯಲ್ಲೇ ಸವೆದು ಮುಗಿಯುತ್ತದೆ. ಹೀಗಾಗಿ ಒಂದೇ ತಾಲ್ಲೂಕಿನಲ್ಲಿ ಕಪ್ಪು ಎರಿ ಉಂಟು, ಕೆಂಪು ಮಸಾರಿ ಉಂಟು, ಮರಳುಗಲ್ಲಿನ ಮಡ್ಡಿಯೂ ಉಂಟು. ಎರಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಎಳೆಬೇರುಗಳನ್ನು ಹರಿಯುತ್ತದೆ. ಮಡ್ಡಿಯಲ್ಲಿ ಮಣ್ಣು ತೆಳು, ಸತ್ವ ಕಡಿಮೆ, ಬಿದ್ದ ನೀರು ನಿಲ್ಲದು. ಕಷ್ಟ ಬೇರೆಬೇರೆ ಆದ್ದರಿಂದಲೇ ಎರಡೂ ಕಡೆ ಬೇರೆಬೇರೆ ಗಿಡ.

● ಸೊಗಲದ ಸೋಮೇಶ್ವರ, ಸುರೇಬಾನ ಬಳಿಯ ಶಬರಿಕೊಳ್ಳ: ಎರಡೂ ಕಡೆ ಬಂಡೆಗಳ ನಡುವೆ ನೀರು, ನೆರಳು. ಇಂಥ ಕೊಳ್ಳಗಳು ಒಣಸೀಮೆಯ ಆಶ್ರಯತಾಣಗಳು. ಹವಾಮಾನ ಒಣಗುತ್ತ ಬಂದ ಕಾಲದಲ್ಲಿ ತೇವ ಬೇಡುವ ಜರಿಗಿಡ, ಪಾಚಿಗಳು ಬಯಲಿನಿಂದ ಅಳಿದರೂ ಕೊಳ್ಳದ ತಂಪಿನಲ್ಲಿ ಉಳಿಯುತ್ತವೆ. ನಮ್ಮ ಹಿರಿಯರು ಗುಡಿ ಕಟ್ಟಿದ ಜಾಗವೂ ಹೆಚ್ಚಾಗಿ ಇವೇ. ದೇವರ ಭಯ ಕೊಡಲಿಯನ್ನು ತಡೆದದ್ದು ಗಿಡಗಳ ಪುಣ್ಯ.

ಹುಲ್ಲಿನ ಹಿರಿತನ

● ಹುಲ್ಲುಗಾವಲು ಅಂದರೆ ಕಡಿದುಹೋದ ಕಾಡು ಎಂಬ ನಂಬಿಕೆ ಬ್ರಿಟಿಷ್ ಅರಣ್ಯ ಇಲಾಖೆಯ ಕಾಲದ್ದು. ಬಿಸಿ, ಬೆಳಕು ಹೆಚ್ಚಿದ್ದಲ್ಲಿ ಚುರುಕಾಗಿ ಆಹಾರ ತಯಾರಿಸುವ ‘ಸಿ4’ ಹುಲ್ಲುಗಳು ಏಷ್ಯಾದಲ್ಲಿ ಹರಡಿದ್ದು ಸುಮಾರು 60ರಿಂದ 80 ಲಕ್ಷ ವರ್ಷಗಳ ಹಿಂದೆ. ಮನುಷ್ಯನ ಕೊಡಲಿ ಹುಟ್ಟುವುದಕ್ಕೆ ಬಹಳ ಮುಂಚೆ. ಜೋಳವೂ ಸಜ್ಜೆಯೂ ಇದೇ ‘ಸಿ4’ ಬಳಗದವು. ಹಿಂಗಾರಿಯ ಬಿಳಿಜೋಳ ತೇವ ಕಮ್ಮಿಯಾದರೂ ತೆನೆ ಕಟ್ಟುವುದರಲ್ಲಿ ಈ ಗುಣದ ಪಾಲಿದೆ.

● ಈ ‘ಸಿ4’ ವಿದ್ಯೆಯನ್ನು ಸಸ್ಯಲೋಕ ಒಂದೇ ಸಲ ಕಲಿತದ್ದಲ್ಲ. ಸಂಬಂಧವಿಲ್ಲದ ಬೇರೆಬೇರೆ ವಂಶಗಳಲ್ಲಿ 60ಕ್ಕೂ ಹೆಚ್ಚು ಸಲ ಸ್ವತಂತ್ರವಾಗಿ ಅದು ವಿಕಾಸಗೊಂಡಿದೆ.

● ಮಡ್ಡಿಯಲ್ಲಿ ಓಡಾಡಿದರೆ ಧೋತರಕ್ಕೆ, ಸೀರೆ ಅಂಚಿಗೆ ಚುಚ್ಚಿಕೊಳ್ಳುವ ಈಟಿಹುಲ್ಲಿನ ಬೀಜಕ್ಕೆ ಉದ್ದ ಬಾಲವಿದೆ. ಇಬ್ಬನಿಗೆ ನೆನೆದಾಗ ಆ ಬಾಲ ಬಿಚ್ಚುತ್ತದೆ, ಬಿಸಿಲಿಗೆ ಹುರಿಗೊಳ್ಳುತ್ತದೆ. ಹಾಗೆ ತಿರುತಿರುಗಿ ಬೀಜ ತನ್ನಷ್ಟಕ್ಕೆ ತಾನೇ ಮಣ್ಣನ್ನು ಕೊರೆದು ಒಳಗಿಳಿಯುತ್ತದೆ. ಮೇಲೆ ಬೆಂಕಿ ಸರಿದುಹೋದರೂ ಬೀಜ ಸುರಕ್ಷಿತ.

● ಬಂಡೆಯ ಮೇಲಿನ ಬೆರಳುದ್ದದ ಟ್ರೈಪೋಗನ್ ಹುಲ್ಲು ಬೇಸಿಗೆಯಲ್ಲಿ ಪೂರಾ ಸುಟ್ಟಂತೆ ಕಾಣುತ್ತದೆ. ಮೈಯೊಳಗಿನ ನೀರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಿರುತ್ತದೆ. ಸಾಮಾನ್ಯ ಗಿಡವಾಗಿದ್ದರೆ ಸತ್ತಂತೆಯೇ. ಇದು ಮೊದಲ ಮಳೆ ಬಿದ್ದ ಒಂದೆರಡು ದಿನದಲ್ಲಿ ಹಸಿರಾಗಿ ನಿಲ್ಲುತ್ತದೆ. ಹೊಸ ಚಿಗುರಲ್ಲ, ಅದೇ ಹಳೆಯ ಎಲೆ. ಪಶ್ಚಿಮ ಘಟ್ಟದ ಬಂಡೆಹಾಸುಗಳಲ್ಲಿ ಇಂಥ ‘ಮರುಹುಟ್ಟಿನ’ 62 ಸಸ್ಯಪ್ರಭೇದಗಳನ್ನು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಗುರುತಿಸಿದ್ದಾರೆ. ಬರ ತಾಳುವ ಬೆಳೆ ಹುಡುಕುವವರಿಗೆ ಇವು ಪಾಠಶಾಲೆ.

ಜಾಣ ಗಿಡಗಳು

● ನೊಣವನ್ನು ಕೂಡಿಹಾಕಿ ಕೆಲಸ ಮಾಡಿಸಿಕೊಂಡು ಬಿಟ್ಟುಕಳಿಸುವ ಹೂವೊಂದಿದೆ: ಸೆರೋಪೀಜಿಯ. ಪರ್ಯಾಯ ದ್ವೀಪದ ಒಣಸೀಮೆಯ ಮುಳ್ಳುಪೊದೆಗಳಲ್ಲಿ ಹಬ್ಬುವ ತೆಳುಬಳ್ಳಿ. ಹೂವಿನ ಆಕಾರ ಕೊಳವೆಯದು, ಬುಡದಲ್ಲಿ ಉಬ್ಬಿದ ಕೋಣೆ, ತುದಿಯಲ್ಲಿ ಪಂಜರದಂತೆ ಕೂಡಿದ ದಳಗಳು. ವಾಸನೆಗೆ ಮರುಳಾದ ಸಣ್ಣ ನೊಣ ಒಳಗೆ ಜಾರುತ್ತದೆ. ಕೊಳವೆಯ ಒಳಗೋಡೆಯ ಕೂದಲು ಕೆಳಮುಖ; ಇಳಿಯಲು ಸಲೀಸು, ಏರಲು ಅಸಾಧ್ಯ. ನೊಣ ಕೋಣೆಯಲ್ಲಿ ಒದ್ದಾಡುವಾಗ ಪರಾಗದ ಗಂಟು ಅದರ ಬಾಯಿಗೆ ಅಂಟುತ್ತದೆ. ಕೆಲಸ ಮುಗಿದ ಮೇಲೆ ಕೂದಲು ಬಾಡುತ್ತದೆ, ಹೂ ಬಾಗುತ್ತದೆ, ನೊಣಕ್ಕೆ ಬಿಡುಗಡೆ. ಬುದ್ಧಿ ಕಲಿಯದ ನೊಣ ಇನ್ನೊಂದು ಹೂವಿಗೆ ಹೋದಾಗ ಪರಾಗಸ್ಪರ್ಶ!

● ಇದರ ಅಪಾಯವೂ ಅಲ್ಲೇ ಇದೆ. ಇಂಥ ಬಳ್ಳಿಗೆ ಬೇಕಾದದ್ದು ಕೆಲವೇ ಜಾತಿಯ ಸಣ್ಣ ನೊಣಗಳು, ಹಬ್ಬಲು ಪೊದೆ, ಕದಲದ ಮಣ್ಣು. ಮೂರರಲ್ಲಿ ಒಂದು ತಪ್ಪಿದರೂ ಬೀಜವಿಲ್ಲ. ಮೇಲಾಗಿ ಹಲವು ಜಾತಿಗಳ ಗಡ್ಡೆ ತಿನ್ನಲು ರುಚಿ. ಕುರಿಗಾಹಿಗಳಿಗೂ ಕಾಡುಹಂದಿಗೂ ಅದು ಗೊತ್ತು. ಭಾರತದ ಸೆರೋಪೀಜಿಯಗಳಲ್ಲಿ ಹೆಚ್ಚಿನವು ಜಗತ್ತಿನ ಬೇರೆಲ್ಲೂ ಇಲ್ಲ.

● ಬ್ರಿಟಿಷ್ ಅಧಿಕಾರಿ ಎಲ್. ಜೆ. ಸೆಡ್ಜ್‌ವಿಕ್ ಕಂದಾಯದ ಕಡತಗಳ ನಡುವೆಯೇ ಧಾರವಾಡ, ಉತ್ತರ ಕನ್ನಡಗಳಲ್ಲಿ ಸಸ್ಯ ಹುಡುಕಿಕೊಂಡು ತಿರುಗಿದವರು. 1921ರಲ್ಲಿ ಅವರು ಉತ್ತರ ಕನ್ನಡದ ಒಂದು ಸೆರೋಪೀಜಿಯಕ್ಕೆ ಇಟ್ಟ ಹೆಸರು ‘ಫೆಂಟಾಸ್ಟಿಕಾ’. ಹೂವಿನ ರೂಪಕ್ಕೆ ಬೆರಗಾಗಿ ಇಟ್ಟ ಆ ಹೆಸರಿನ ಬಳ್ಳಿ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ.

● ದಪ್ಪ ನಾಲ್ಕೇಣಿನ ಕಾಂಡ, ಎಲೆಯೇ ಇಲ್ಲದ ಕ್ಯಾರಲ್ಲುಮ ನೋಡಿದರೆ ಕಳ್ಳಿ ಅನಿಸುತ್ತದೆ. ಆದರೆ ಅದು ಎಕ್ಕೆಯ ಬಂಧು. ಎಲೆಯಿಂದ ನೀರು ಆರುವುದನ್ನು ತಡೆಯಲು ಎಲೆಯನ್ನೇ ಬಿಟ್ಟುಕೊಟ್ಟಿದೆ. ಹಗಲು ಬಾಯಿ ಮುಚ್ಚಿ, ರಾತ್ರಿ ಉಸಿರಾಡುತ್ತದೆ. ಬರಗಾಲದಲ್ಲಿ ಹಸಿಯಾಗಿ ಜಗಿದು ಹಸಿವು ಮರೆಯುತ್ತಿದ್ದ ಈ ಗಿಡದ ಸಾರ ಈಗ ವಿದೇಶಗಳಲ್ಲಿ ತೂಕ ಇಳಿಸುವ ಗುಳಿಗೆಯಾಗಿ ಮಾರಾಟವಾಗುತ್ತದೆ.

● ನೋಟಕ್ಕೆ ಒಂದಕ್ಕೊಂದು ಹೋಲದ ಸೆರೋಪೀಜಿಯ, ಕ್ಯಾರಲ್ಲುಮ, ಬ್ರ್ಯಾಕಿಸ್ಟೆಲ್ಮ ಎಂಬ ಇನ್ನೊಂದು ಬಂಧುಗಿಡ, ಇವುಗಳ ಡಿಎನ್‌ಎ ತಾಳೆ ನೋಡಿದ ಸಸ್ಯವಿಜ್ಞಾನಿಗಳ ತಂಡವೊಂದು 2017ರಲ್ಲಿ ಎಲ್ಲವನ್ನೂ ಒಂದೇ ಕುಲಕ್ಕೆ ಸೇರಿಸಿತು. ಹಾಗೆ ಲೆಕ್ಕ ಹಾಕಿದರೆ ಸೆರೋಪೀಜಿಯ 700ಕ್ಕೂ ಹೆಚ್ಚು ಪ್ರಭೇದಗಳ ದೊಡ್ಡ ಮನೆತನ. ಒಪ್ಪದವರೂ ಇದ್ದಾರೆ, ಭಾಗ-ಬಾಟಣಿಯ ವಾದ ಇನ್ನೂ ನಡೆದಿದೆ.

● ಗಡಿ ದಾಟಿದರೆ ಮಹಾರಾಷ್ಟ್ರದ ಕಡಿದಾದ ಬಂಡೆಗಳಲ್ಲಿ ಇದೇ ಬಳಗದ ಫ್ರೀರಿಯಾ ಇಂಡಿಕಾ ಇದೆ. ಎಲೆ ತೊರೆದವರ ಕುಲದಲ್ಲಿ ಎಲೆ ಬಿಡುವ ಅಪರೂಪದ್ದು. ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಅಪಾಯದಲ್ಲಿರುವ 12 ಸಸ್ಯಗಳಲ್ಲಿ ಒಂದೆಂದು ಇದನ್ನು ಹೆಸರಿಸಲಾಗಿತ್ತು. ಉಳಿದದ್ದು ಕೊಡಲಿ, ಕುರಿ ಎರಡೂ ಮುಟ್ಟದ ಬಂಡೆಯ ಬಿರುಕುಗಳಲ್ಲಿ.

● ಬೆಳಗಾವಿ ಜಿಲ್ಲೆಯ ಪಡುವಣದ ಬಂಡೆಹಾಸುಗಳಲ್ಲಿ ಮಳೆಗಾಲಕ್ಕೆ ನೀಲಿ ಹೂ ಚೆಲ್ಲುವ ಯುಟ್ರಿಕ್ಯುಲೇರಿಯ ಮಾಂಸಾಹಾರಿ. ಮಣ್ಣಿನಡಿ ಸಣ್ಣ ಚೀಲಗಳನ್ನಿಟ್ಟು ಹೊಂಚು ಹಾಕುತ್ತದೆ. ಹುಳು ತಾಗಿದರೆ ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಒಳಕ್ಕೆ ಹೀರುತ್ತದೆ. ಬಂಡೆಯ ಮಣ್ಣಿನಲ್ಲಿ ಸಾರಜನಕ ತೀರ ಕಡಿಮೆಯಾದ್ದರಿಂದ ಬೇಟೆಯಾಡಿ ಗಳಿಸುವ ದಾರಿ ಹಿಡಿದಿದೆ.

● ಗಣೇಶ ಚೌತಿಯ ಹೊತ್ತಿಗೆ ಬೇಲಿಯಲ್ಲಿ ಕೆಂಪು-ಹಳದಿಯಾಗಿ ಉರಿಯುವ ಗೌರಿ ಹೂವಿನ ಗಡ್ಡೆ ಘೋರ ವಿಷ. ಮಕ್ಕಳ ಕೈಗೆ ಸಿಗಬಾರದು. ಅದರಲ್ಲಿರುವ ಕಾಲ್ಚಿಸಿನ್ ಎಂಬ ರಾಸಾಯನಿಕ ಗೌಟ್ ಎಂಬ ಸಂಧಿವಾತಕ್ಕೆ ಮದ್ದು. ಗಿಡದ ಕ್ರೋಮೋಸೋಮುಗಳನ್ನು ದುಪ್ಪಟ್ಟು ಮಾಡುವ ಶಕ್ತಿಯೂ ಅದಕ್ಕಿದೆ. ಬೀಜವಿಲ್ಲದ ಕಲ್ಲಂಗಡಿಯ ಹಿಂದಿನ ಕೈವಾಡ ಅದೇ.

● ಮುತ್ತಲದ ಹೂ ಕೇಸರಿ ಎಂದು ಎಲ್ಲರಿಗೂ ಗೊತ್ತು. ಹಳದಿ ಹೂ ಬಿಡುವ ಮುತ್ತಲವೂ ಉಂಟು. ಸಾವಿರಾರು ಮರಗಳ ನಡುವೆ ಎಲ್ಲೋ ಒಂದು. ನಿಧಿ ತೋರಿಸುತ್ತದೆ, ಮಾಟ ತೆಗೆಯುತ್ತದೆ ಎಂಬ ಮೂಢನಂಬಿಕೆಗೆ ತೊಗಟೆ-ಬೇರು ಕಳೆದುಕೊಂಡು ಇದ್ದ ಒಂದೊಂದೂ ಸಾಯುತ್ತವೆ. ಅಪರೂಪ ಎಂಬುದೇ ಅದಕ್ಕೆ ಶಾಪ.

ಹೆಸರಿನಲ್ಲಿ ಬೆಳಗಾವಿ

● ಬೆಳಗಾವಿಯ ಹೆಸರು ಹೊತ್ತ ಸಸ್ಯಗಳಿವೆ. ಹಳದಿ ಹೂವಿನ ಪುಟ್ಟ ಗಿಡ ಸೆನೆಸಿಯೊ ಬೆಲ್ಗಾಮೆನ್ಸಿಸ್‌ಗೆ ಆ ಹೆಸರು ಬಂದದ್ದು 19ನೇ ಶತಮಾನದಲ್ಲಿ. ಬಿಳಿ ಮುಸ್ಲಿಯ ಬಂಧುವಾದ ಕ್ಲೋರೋಫೈಟಮ್ ಬೆಲ್ಗಾಮೆನ್ಸೆಯನ್ನು ವಿಜ್ಞಾನ ಗುರುತಿಸಿದ್ದು ಈ ಶತಮಾನದಲ್ಲಿ. ಹುಡುಕಿದಷ್ಟೂ ಹೊಸದು ಸಿಗುವ ನೆಲ ಇದು.

● ಈ ಭಾಗದ ಗಿಡಗಳ ಹಳೆಯ ದಾಖಲೆ ಬೇಕಾದರೆ ಹಳೆ ಮೈಸೂರಿನ ಪುಸ್ತಕಗಳಲ್ಲಿ ಹುಡುಕಬೇಡಿ. 1956ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ನಮ್ಮ ಮಡ್ಡಿಯ ಗಿಡಗಳು ಸಿಗುವುದು 1901ರಿಂದ 1908ರ ನಡುವೆ ಥಿಯೋಡೋರ್ ಕುಕ್ ಹೊರತಂದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳಲ್ಲಿ.

ದೇವರು, ಹಬ್ಬ, ಜಾತ್ರೆ

● ದಸರೆಗೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುವಾಗ ಎಲ್ಲರ ಕೈಯಲ್ಲೂ ಒಂದೇ ಎಲೆ ಇರುವುದಿಲ್ಲ. ಒಂದೂರಲ್ಲಿ ಬನ್ನಿ ಎಂದು ಪೂಜೆಗೊಳ್ಳುವ ಮರ ಪ್ರೊಸೋಪಿಸ್, ಇನ್ನೊಂದೂರಲ್ಲಿ ಬೇರೊಂದು ಜಾಲಿ, ಮತ್ತೊಂದೂರಲ್ಲಿ ಎರಡು ಹೋಳಿನ ಎಲೆಯ ಬಾಹಿನಿಯ. ಮೂರೂ ಒಣನೆಲದ ಸ್ವಂತ ಮರಗಳು. ಹಬ್ಬದ ಹಿಂದಿನ ದಿನ ಕೊಂಬೆಸಹಿತ ಕಡಿದು ಮಾರುವುದು ಹೆಚ್ಚಿದಷ್ಟೂ ಊರಹೊರಗಿನ ಬನ್ನಿಗಳು ಬೋಳಾಗುತ್ತಿವೆ. ನಾಲ್ಕು ಎಲೆ ಸಾಕು. ಕೊಂಬೆ ಯಾರೂ ಕೇಳಿಲ್ಲ.

● ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಬಹುಕಾಲ ಒಂದೇ ಕುಲ ಎಂದು ಎಣಿಸಲಾಗಿತ್ತು. 2022ರಲ್ಲಿ ಡಿಎನ್‌ಎ ಆಧಾರದ ಮೇಲೆ ಅವು ಬೇರಾದವು. ಬನ್ನಿ ಪ್ರೊಸೋಪಿಸ್ ಆಗಿಯೇ ಉಳಿಯಿತು. ಅಮೆರಿಕ ಖಂಡದಿಂದ 1877ರ ಹೊತ್ತಿಗೆ ಭಾರತಕ್ಕೆ ಬಂದ ಬಳ್ಳಾರಿ ಜಾಲಿ ಈಗ ನೆಲ್ಟುಮ. ಹೊಲದಲ್ಲಿ ಈ ವ್ಯತ್ಯಾಸ ರೈತನಿಗೆ ಮೊದಲೇ ಗೊತ್ತಿತ್ತು: ಬನ್ನಿಯ ಅಡಿ ಬೆಳೆ ಬರುತ್ತದೆ, ಬಳ್ಳಾರಿ ಜಾಲಿಯ ಅಡಿ ಹುಲ್ಲೂ ಏಳುವುದಿಲ್ಲ.

● ನಮ್ಮ ಕರಿಜಾಲಿಗೂ ಇಂಥದೇ ಕಥೆ. 2005ರ ವಿಯೆನ್ನಾ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ, ಅದು ಹೊತ್ತಿದ್ದ ‘ಅಕೇಸಿಯ’ ಎಂಬ ಹೆಸರು ಆಸ್ಟ್ರೇಲಿಯದ ಮರಗಳ ಪಾಲಾಯಿತು. ಕರಿಜಾಲಿ ‘ವಾಚೆಲಿಯ’ ಆಯಿತು.

● ಶಬರಿಕೊಳ್ಳದ ಶಬರಿ ರಾಮನಿಗೆ ತಿನ್ನಿಸಿದ್ದು ಬಾರಿಹಣ್ಣು ಎಂಬುದು ನಂಬಿಕೆ. ಬಾರಿ ಒಂದೇ ಜಾತಿಯಲ್ಲ. ಮರವಾಗುವ ಬಾರಿ, ನೆಲಮಟ್ಟದ ಪೊದೆಬಾರಿ, ಕೊಕ್ಕೆಮುಳ್ಳಿನ ಬಳ್ಳಿಬಾರಿ ಎಂದು ಹಲವು. ಹಣ್ಣು ತಿಂದ ನರಿಗಳು ಬೀಜವನ್ನು ಮೈಲಿಗಟ್ಟಲೆ ಒಯ್ದು ಹಾಕುತ್ತವೆ. ನರಿ ಕಮ್ಮಿಯಾದ ಸೀಮೆಯಲ್ಲಿ ಬಾರಿಯ ಹರಡುವಿಕೆಯೂ ಕುಗ್ಗುತ್ತದೆ.

● ‘ರಾಮ-ಸೀತೆ ವನವಾಸದಲ್ಲಿ ತಿಂದದ್ದು’ ಎಂದು ಜಾತ್ರೆಗಳಲ್ಲಿ ಡೋಲಿನಾಕಾರದ ದೊಡ್ಡ ಭೂಚಕ್ರಗಡ್ಡೆಯಿಂದ ತೆಳುವಾಗಿ ಕೆತ್ತಿ ಮಾರುತ್ತಾರಲ್ಲ, ಮಹಾರಾಷ್ಟ್ರದಲ್ಲಿ ಅದಕ್ಕೆ ರಾಮಕಂದ ಎನ್ನುತ್ತಾರೆ. ಮಾರುವವರು ಅದರ ಗಿಡ ತೋರಿಸುವುದಿಲ್ಲ. ಕೊಲ್ಹಾಪುರದ ಸಂಶೋಧಕರು ಚೂರೊಂದರ ಡಿಎನ್‌ಎ ಪರೀಕ್ಷಿಸಿದಾಗ ಅದು ಕತ್ತಾಳೆಯ ಕಾಂಡಕ್ಕೆ ತಾಳೆಯಾಯಿತು. ಕತ್ತಾಳೆ ಮೆಕ್ಸಿಕೊ ಕಡೆಯದು; ರಾಮನ ಕಾಲಕ್ಕೆ ಇಲ್ಲಿ ಇರಲು ಸಾಧ್ಯವೇ ಇಲ್ಲ!

ಹೊಲದ ಬದುವಿನ ಬಂಧುಗಳು

● ಜವಾರಿ ಎಂದು ನಾವು ಹೆಮ್ಮೆಪಡುವ ಎಲ್ಲವೂ ಇಲ್ಲೇ ಹುಟ್ಟಿದ್ದಲ್ಲ. ಜೋಳ ಆಫ್ರಿಕದ್ದು, ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಅಮೆರಿಕದವು. ಆದರೆ ಹುರುಳಿ, ಹೆಸರು, ಕೊರಲೆಗಳನ್ನು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ದಕ್ಷಿಣ ಭಾರತದ ನವಶಿಲಾಯುಗದ ಜನ ಬೆಳೆಯುತ್ತಿದ್ದರು. ಹೆಸರಿನ ಕಾಡುಮೂಲ ಇಂದಿಗೂ ನಮ್ಮ ಪೊದೆ, ಬದುಗಳಲ್ಲಿ ಸಣ್ಣ ಕರಿಬೀಜ ಸಿಡಿಸುತ್ತ ಹಬ್ಬುತ್ತದೆ.

● ಎಳ್ಳನ್ನು ಮೊದಲು ಬೆಳೆಗೆ ತಂದದ್ದು ಭಾರತ ಉಪಖಂಡ. ಅದರ ಮೂಲ ಎನ್ನಲಾದ ಕಾಡೆಳ್ಳು ಇಲ್ಲಿಯದೇ. ಅದರ ಕಾಯಿ ಒಣಗಿದೊಡನೆ ಬಾಯಿ ಬಿಟ್ಟು ಬೀಜ ಚೆಲ್ಲುತ್ತದೆ. ಊರೆಳ್ಳನ್ನೂ ಆ ಚಾಳಿ ಪೂರ್ತಿ ಬಿಟ್ಟಿಲ್ಲ. ಕೊಯ್ಲು ತಡವಾದರೆ ಹೊಲದಲ್ಲೇ ಉದುರುವುದು ಅಜ್ಜನಿಂದ ಬಂದ ಗುಣ.

● ಬೇಲಿಯ ಮೇಲೆ ಹಬ್ಬುವ ಸಣ್ಣ ಕಾಡುತೊಗರಿಯನ್ನು ಕಸ ಎಂದು ಕಿತ್ತೆಸೆಯುತ್ತೇವೆ. ಅದರ ವೈಜ್ಞಾನಿಕ ಹೆಸರು ಕಜಾನಸ್ ಸ್ಕಾರಬಿಯಾಯ್ಡಿಸ್. ಅದರ ಕೋಶದ್ರವ್ಯದಿಂದ ಬಂದ ಗಂಡು ಬಂಜೆತನದ ಗುಣವನ್ನು ಬಳಸಿಯೇ 2004ರಲ್ಲಿ ಗುಜರಾತಿನಲ್ಲಿ ಜಿಟಿಎಚ್-1 ಎಂಬ ಹೈಬ್ರಿಡ್ ತೊಗರಿ ಬಿಡುಗಡೆಯಾಯಿತು. ಬದುವಿನ ಕಸ ಬೀಜ ಕಂಪನಿಗಳ ಬಂಡವಾಳವೂ ಹೌದು.

● ಬೈಲಹೊಂಗಲದ ಪೇಟೆಗೆ ಹೆಸರು ತಂದ ಹತ್ತಿಯಲ್ಲೂ ವಿಕಾಸದ ಅಚ್ಚರಿ ಇದೆ. ಎರಿಹೊಲದ ಹಳೆಯ ಜಯಧರ ಹತ್ತಿಯ ಕ್ರೋಮೋಸೋಮು 26. ಅಮೆರಿಕದ ಹತ್ತಿಗೆ 52. ಹತ್ತಿಪ್ಪತ್ತು ಲಕ್ಷ ವರ್ಷಗಳ ಹಿಂದೆ ನಮ್ಮ ಹತ್ತಿಯ ಬಳಗದ ಬೀಜವೊಂದು ಸಾಗರ ದಾಟಿ ಅಮೆರಿಕ ಸೇರಿ, ಅಲ್ಲಿಯ ಕಾಡುಹತ್ತಿಯೊಡನೆ ಕೂಡಿತು. ಇಬ್ಬರ ಗಂಟೂ ಒಂದಾಯಿತು. ಆ ಸಂತಾನವೇ ಮರಳಿ ಬಂದು, 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಹಳೆಯ ದಾಯಾದಿಯನ್ನು ಹೊಲದಿಂದಲೇ ಹೊರಗಟ್ಟಿದೆ. ಮಳೆ ಕಡಿಮೆಯಾದರೂ, ರಸಹೀರುವ ಹುಳು ಬಂದರೂ ತಾಳುವ ಜವಾರಿ ಹತ್ತಿ ಈಗ ಹುಡುಕಿ ನೋಡುವ ಬೆಳೆ.

● ಶ್ರೀಗಂಧ ಅರೆಪರಾವಲಂಬಿ. ಎಲೆಯಲ್ಲಿ ಆಹಾರ ತಾನೇ ಮಾಡಿಕೊಂಡರೂ ನೀರು-ಲವಣಕ್ಕೆ ನೆರೆಗಿಡದ ಬೇರಿಗೆ ಬಾಯಿ ಹಾಕುತ್ತದೆ. ಹಣ್ಣು ತಿಂದ ಹಕ್ಕಿ ಮುಳ್ಳುಪೊದೆಯಲ್ಲಿ ಕೂತು ಬೀಜ ಹಾಕಿದರೆ ಗಂಧದ ಸಸಿಗೆ ಊಟಕ್ಕೆ ಬೇರು, ಮೇಕೆಯಿಂದ ಕಾಯಲು ಮುಳ್ಳು, ಎರಡೂ ಒಂದೇ ಕಡೆ ಸಿಗುತ್ತವೆ. ಜೆಸಿಬಿ ತಂದು ಬದುವಿನ ಪೊದೆ ಬಳಿದವರು ನಾಳಿನ ಗಂಧವನ್ನೂ ಬಳಿದಂತೆ. 2001ರ ಕಾನೂನು ತಿದ್ದುಪಡಿಯಿಂದ ಹೊಲದಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯ.

ಕುತ್ತು ಬರುವುದು ಎಲ್ಲಿಂದ?

● ಪಾರ್ಥೇನಿಯಮ್, ಅಂದರೆ ನಮ್ಮ ಕಾಂಗ್ರೆಸ್ ಕಸ, ಭಾರತದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ ಪುಣೆಯಲ್ಲಿ. ಅದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ದುಂಬಿ ಮೇಯುತ್ತದೆ. ಬೇಸಿಗೆಯಲ್ಲಿ ಮಣ್ಣಿನಡಿ ಮಲಗುತ್ತದೆ. ಕಸ ಮಾತ್ರ ನೀರು ಸಿಕ್ಕಲ್ಲೆಲ್ಲ ವರ್ಷವಿಡೀ ಬೆಳೆಯುತ್ತದೆ.

● ಭಾರತದ ನೆಲದಲ್ಲಿ ಸುಮಾರು ಶೇಕಡ 10ರಷ್ಟು ಮಡ್ಡಿ, ಹುಲ್ಲುಗಾವಲು, ಕುರುಚಲಿನಂಥ ತೆರೆದ ನೈಸರ್ಗಿಕ ಪ್ರದೇಶ ಎಂದು ಎಂ. ಡಿ. ಮಧುಸೂದನ್ ಮತ್ತು ಅಬಿ ವನಕ್ ನಕ್ಷೆ ಮಾಡಿ ತೋರಿಸಿದ್ದಾರೆ. ಅದರಲ್ಲಿ ಸಂರಕ್ಷಿತ ಪ್ರದೇಶದೊಳಗೆ ಇರುವುದು ಶೇಕಡ 5ಕ್ಕಿಂತ ಕಡಿಮೆ. ಸರಕಾರಿ ನಕ್ಷೆಗಳಲ್ಲಿ ಇದರ ಬಹುಪಾಲು ‘ಪಾಳುಭೂಮಿ’. ಹೆಸರು ಪಾಳು ಎಂದಾದ ಮೇಲೆ ಕಲ್ಲುಕ್ವಾರಿಗೂ ಸೋಲಾರ್ ಫಲಕಕ್ಕೂ ಗಾಳಿಯಂತ್ರಕ್ಕೂ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

● ಗಿಡ ನೆಡುವುದರಿಂದಲೂ ಗಿಡ ಸಾಯಬಹುದು. ಮಡ್ಡಿಯಲ್ಲಿ ಸಾಲಾಗಿ ಗುಂಡಿ ತೋಡಿ ನೀಲಗಿರಿ, ಅಕೇಸಿಯ ನೆಟ್ಟಾಗ ಮೊದಲು ಹೋಗುವುದು ಮಣ್ಣಿನಡಿ ಮಲಗಿದ ಗಡ್ಡೆ. ಆಮೇಲೆ ನೆರಳಿಗೆ ಸಾಯುವುದು ಬಿಸಿಲು ಬೇಡುವ ಹುಲ್ಲು. 2017ರಲ್ಲಿ ಕರ್ನಾಟಕ ನೀಲಗಿರಿ ನೆಡುವುದನ್ನು ನಿಷೇಧಿಸಿತು. ವನಮಹೋತ್ಸವ ಬೇಕು, ಅದಕ್ಕೆ ಊರು, ರಸ್ತೆ, ಹೊಲದ ಅಂಚು ಸಾಕಷ್ಟಿವೆ.

● ಕುರಿ ಮೇಯಿಸುವುದೆಲ್ಲ ಕೆಡುಕಲ್ಲ. ಹಿಂಡು ಇಂದು ಇಲ್ಲಿ, ನಾಳೆ ಅಲ್ಲಿ ಎಂದು ಸಾಗಿದರೆ ಹುಲ್ಲಿಗೆ ಚಿಗುರಲು ಪುರುಸೊತ್ತು, ಮಡ್ಡಿಗೆ ಗೊಬ್ಬರ. ಗಾಯರಾಣ ಒತ್ತುವರಿಯಾಗಿ, ಉಳಿದ ತುಂಡು ನೆಲದಲ್ಲಿ ಎಲ್ಲ ಹಿಂಡುಗಳೂ ನಿಂತಾಗಲೇ ಹುಲ್ಲಿನ ಬುಡ ಕೀಳುವುದು.

ಉಳಿಸುವ ದಾರಿ

● ಒಣಸೀಮೆಗೂ ಅಭಯಾರಣ್ಯ ಬೇಕು ಎಂಬುದನ್ನು ನೆರೆಯ ಜಿಲ್ಲೆಗಳು ತೋರಿಸಿವೆ. ಬಾಗಲಕೋಟೆಯಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಗದಗದ ಕಪ್ಪತಗುಡ್ಡ 2019ರಲ್ಲಿ ವನ್ಯಧಾಮವಾಯಿತು. ಒಂದು ಚಿಂಕಾರ ಎಂಬ ಹುಲ್ಲೆಗಾಗಿ, ಇನ್ನೊಂದು ಜನರ ಹೋರಾಟದಿಂದ. ಎರಡರ ನೆರಳಲ್ಲೂ ಹುಲ್ಲು, ಗಡ್ಡೆ, ಬಳ್ಳಿ ಬದುಕಿದವು.

● ಅಭಯಾರಣ್ಯವೇ ಬೇಕೆಂದಿಲ್ಲ. ದೇವನಹಳ್ಳಿಯ ನಲ್ಲೂರು ಹುಣಸೆತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಒಂದು ತೋಪಿಗೆ ಸಿಕ್ಕ ಮಾನ್ಯತೆ ಒಂದು ಕೊಳ್ಳಕ್ಕೆ, ಒಂದು ಮಡ್ಡಿಗೆ ಸಿಗಬಾರದೆಂಬ ನಿಯಮವಿಲ್ಲ.

● ಅಪರೂಪದ ಗಿಡ ಕಂಡರೆ ಕಿತ್ತು ಕುಂಡದಲ್ಲಿ ನೆಡಬೇಡಿ. ಸೆರೋಪೀಜಿಯಕ್ಕೆ ಅದರ ನೊಣ, ಗಂಧಕ್ಕೆ ಅದರ ನೆರೆಗಿಡ ನಿಮ್ಮ ಅಂಗಳದಲ್ಲಿ ಸಿಗುವುದಿಲ್ಲ. ಎಲೆ, ಹೂ, ಕಾಯಿಯ ಫೋಟೊ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ. ಜಾಗದ ನಿಖರ ಗುರುತನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಗಡ್ಡೆ ಅಗೆಯುವವರೂ ಗುಂಪಿನಲ್ಲಿರುತ್ತಾರೆ.

● ಕೊನೆಯದು, ಹೆಚ್ಚು ಕೆಲಸಕ್ಕೆ ಬರುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ನಾಟಿಜ್ಞಾನವೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿರಬೇಕು. ನಿಮ್ಮ ಊರಿನ ಪಂಚಾಯಿತಿಗೆ ಹೋಗಿ ಆ ದಾಖಲಾತಿ ಕೇಳಿ. ಅದರಲ್ಲಿ ಮಡ್ಡಿಯ ಹೆಸರಿನ ಮುಂದೆ ‘ಪಾಳು’ ಎಂದು ಬರೆದಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಈ ಪುಟ ಓದಿ ತಿದ್ದಿಸಿ.